ನಾನು ಆರಿಸಿದ್ದು ಒಂದು, ನನ್ನ ಪಾತ್ರ ಆಡಿದ್ದು ಇನ್ನೊಂದು

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕ್ ಉದ್ಯೋಗಿ. ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಟಿವಿ ಮುಂದೆ ಕುಳಿತು ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸುವ ಆಟದ ಯಂತ್ರದಲ್ಲಿ, ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುವುದು ನನ್ನ ಹವ್ಯಾಸ. ಕಾಲೇಜಿನ ದಿನಗಳಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ ಇಂಥ ಆಟಗಳನ್ನು ಆಡುತ್ತಿದ್ದೆ. ಆಗ ನನ್ನ ಪಾತ್ರ ಆಡಬಹುದಾದ ಐದಾರು ಪೂರ್ತಿ ವಾಕ್ಯಗಳು ತೆರೆಯ ಮೇಲೆ ಬರುತ್ತಿದ್ದವು. ಓದಿ, ಯೋಚಿಸಿ, ಒಂದನ್ನು ಆರಿಸುತ್ತಿದ್ದೆ. ಈಗಿನ ಆಟದಲ್ಲಿ ನಾಲ್ಕು ಬಟನ್‌ಗಳಿಗೆ ನಾಲ್ಕು ಆಯ್ಕೆಗಳು, ಒಂದೊಂದರಲ್ಲೂ ಎರಡು ಮೂರು ಪದಗಳು, ಅಷ್ಟೇ. ಕಳೆದ ವಾರ ನನ್ನ ಜೊತೆಗಾರನ ಪಾತ್ರ ತನ್ನ ತಮ್ಮನ ಸಾವಿನ ಬಗ್ಗೆ ಹೇಳಲು ಶುರುಮಾಡಿತು. ‘ಈಗ ಬೇಡ’ ಎಂಬ ಅರ್ಥದ ಆಯ್ಕೆ ಇತ್ತು. ಶತ್ರುಗಳು ಹತ್ತಿರದಲ್ಲೇ ಇದ್ದಾರೆ, ಆಮೇಲೆ ಸಮಾಧಾನವಾಗಿ ಮಾತನಾಡೋಣ ಎಂದುಕೊಂಡು ಅದನ್ನು ಒತ್ತಿದೆ. ನನ್ನ ಪಾತ್ರ ‘ನಿನ್ನ ಗೋಳು ಕೇಳಲು ನನಗೆ ಪುರುಸೊತ್ತಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿತು. ಅವನು ನನ್ನನ್ನು ಬಿಟ್ಟು ಹೊರಟೇಹೋದ. ನಲವತ್ತು ಗಂಟೆ ಜೊತೆಗಿದ್ದವನು. ಅಂದಿನಿಂದ ಆ ಆಟವನ್ನು ಮುಟ್ಟಿಲ್ಲ. ಕನ್ಸೋಲ್‌ನಲ್ಲಿ ಆಡುವವರಿಗೆ ಓದುವ ತಾಳ್ಮೆ ಇಲ್ಲ ಎಂದು ತೀರ್ಮಾನಿಸಿ ಹೀಗೆ ಮಾಡಿದ್ದಾರೆಯೇ? ಏನನ್ನು ಆರಿಸಿದರೂ ಕಥೆ ಒಂದೇ ದಾರಿಯಲ್ಲಿ ಹೋಗುತ್ತದೆ ಎಂದು ನನ್ನ ಸಹೋದ್ಯೋಗಿ ಹೇಳುತ್ತಾನೆ, ನಿಜವೇ? ಒಳ್ಳೆಯ ಗೇಮಿಂಗ್ ಕಂಪ್ಯೂಟರ್ ಕೊಂಡರೆ ಈ ಕಾಟ ತಪ್ಪುತ್ತದೆಯೇ? ಅದಕ್ಕೆ ಕೂಡಿಟ್ಟ ಹಣ ಇದೆ, ಆದರೆ ಸುಮ್ಮನೆ ಕಳೆಯಲು ಮನಸ್ಸಿಲ್ಲ.

ಉತ್ತರ: ‘ನಲವತ್ತು ಗಂಟೆ ಜೊತೆಗಿದ್ದವನು’ ಎಂಬ ನಿಮ್ಮ ಮಾತಿನ ಬಳಿ ನಾನು ಬಹಳ ಹೊತ್ತು ನಿಂತೆ. ಆಟಗಳಿಗೆ ಸಂಭಾಷಣೆ ಬರೆಯುವುದು, ಬರೆದದ್ದನ್ನು ತೆರೆಯ ಮೇಲೆ ಆಯ್ಕೆಗಳಾಗಿ ಜೋಡಿಸುವುದು ನನ್ನ ಕಸುಬು. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಆಡುವವರು ಒಂದು ಪಾತ್ರವನ್ನು ‘ಜೊತೆಗಿದ್ದವನು’ ಎಂದು ಕರೆದರೆ ನಮ್ಮ ಕೆಲಸ ಸಾರ್ಥಕ. ಅಂಥವನನ್ನು ನೀವು ಕಳೆದುಕೊಂಡದ್ದು ನಿಮ್ಮ ತೀರ್ಮಾನದಿಂದಲ್ಲ, ಆಯ್ಕೆಯ ಬಟನ್‌ಗೆ ಅಂಟಿಸಿದ ಎರಡು ಪದಗಳ ಒಂದು ಚೀಟಿಯಿಂದ. ಆದ್ದರಿಂದ ನಿಮ್ಮ ಸಿಟ್ಟು ನ್ಯಾಯವಾದದ್ದು. ಆಟ ತಾನೇ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ಮೂರು ದೂರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆಯ್ಕೆಗಳು ಕಡಿಮೆ ಎಂಬುದು ಒಂದು. ಆಯ್ಕೆಯಲ್ಲಿ ಬರೆದದ್ದಕ್ಕೂ ಪಾತ್ರ ಆಡುವ ಮಾತಿಗೂ ತಾಳೆಯಾಗುವುದಿಲ್ಲ ಎಂಬುದು ಇನ್ನೊಂದು. ಆರಿಸಿದ್ದರಿಂದ ಕಥೆಯಲ್ಲಿ ಏನೂ ಬದಲಾಗುವುದಿಲ್ಲ ಎಂಬುದು ಮೂರನೆಯದು. ಇವನ್ನು ಒಂದೇ ಕಾಯಿಲೆ ಎಂದುಕೊಂಡರೆ ಮದ್ದು ತಪ್ಪುತ್ತದೆ. ನಿಮಗೆ ನಿಜವಾಗಿ ನೋವು ಕೊಟ್ಟದ್ದು ಎರಡನೆಯದು. ನಾಲ್ಕರ ಬದಲು ಎಂಟು ಚೀಟಿಗಳಿದ್ದರೂ ಅವುಗಳ ಹಿಂದೆ ಅಡಗಿದ ಮಾತು ನಿಮಗೆ ಕಾಣದಿದ್ದರೆ ಅದೇ ಅನಾಹುತ ಆಗುತ್ತಿತ್ತು. ಖಾಲಿ ಕಾಗದಗಳ ಸಂಖ್ಯೆ ಹೆಚ್ಚಿಸಿ, ಯಾವುದಕ್ಕೆ ಬೇಕಾದರೂ ಸಹಿ ಹಾಕಿ ಎಂದಂತೆ ಅದು.

ಮೊದಲು ಕನ್ಸೋಲ್‌ನ ಮೇಲಿರುವ ಆರೋಪವನ್ನು ನೋಡೋಣ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಬಲಗಡೆ ನಾಲ್ಕು ಬಟನ್‌ಗಳಿವೆ, ಅದಕ್ಕೇ ನಾಲ್ಕು ಆಯ್ಕೆಗಳು, ಹಾಗಾಗಿ ತಪ್ಪು ಕಂಟ್ರೋಲರಿನದು ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ಚರಿತ್ರೆ ಮಾತ್ರ ಬೇರೆ ಹೇಳುತ್ತದೆ. ಬಯೋವೇರ್ ಸಂಸ್ಥೆಯ ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ 2003ರಲ್ಲಿ ಮೊದಲು ಬಂದದ್ದು ಎಕ್ಸ್‌ಬಾಕ್ಸ್ ಕನ್ಸೋಲ್‌ಗೆ, ಕಂಪ್ಯೂಟರಿಗೆ ಬಂದದ್ದು ಕೆಲವು ತಿಂಗಳ ನಂತರ. ಅದರಲ್ಲಿ ಆಯ್ಕೆಗಳು ಪೂರ್ತಿ ವಾಕ್ಯಗಳಾಗಿ, ಒಂದರ ಕೆಳಗೊಂದು ಪಟ್ಟಿಯಾಗಿ ಬರುತ್ತಿದ್ದವು. ಕಂಟ್ರೋಲರಿನ ಕಡ್ಡಿಯನ್ನು ಕೆಳಗೆ ಮೇಲೆ ಸರಿಸಿ ಆರಿಸಿದರೆ ಮುಗಿಯಿತು. ಯಾರಿಗೂ ಕಷ್ಟವಾಗಲಿಲ್ಲ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಅದೇ ಸಂಸ್ಥೆಯ ‘ಡ್ರ್ಯಾಗನ್ ಏಜ್’ ಸರಣಿಯಲ್ಲಿದೆ. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಕಂಪ್ಯೂಟರಿಗೂ ಬಂತು, ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ಕ್ಕೂ ಬಂತು. ಎಲ್ಲ ಕಡೆಯೂ ಪೂರ್ತಿ ವಾಕ್ಯಗಳ ಪಟ್ಟಿಯೇ. 2011ರಲ್ಲಿ ‘ಡ್ರ್ಯಾಗನ್ ಏಜ್ 2’ ಬಂದಾಗ ಯಂತ್ರಗಳು ಅವೇ, ಕಂಟ್ರೋಲರ್ ಅದೇ, ಆದರೆ ಪಟ್ಟಿಯ ಜಾಗದಲ್ಲಿ ಆಯ್ಕೆಗಳನ್ನು ಸುತ್ತ ಜೋಡಿಸಿದ ಚಕ್ರವಿತ್ತು, ವಾಕ್ಯದ ಜಾಗದಲ್ಲಿ ತುಂಡು ಪದಗಳಿದ್ದವು. ನಡುವೆ ಬದಲಾದದ್ದು ಏನು? ನಾಯಕನಿಗೆ ದನಿ ಬಂದಿತ್ತು. ಮೊದಲ ಆಟದ ನಾಯಕ ಸಂಭಾಷಣೆಯಲ್ಲಿ ಬಾಯಿ ತೆರೆಯುವುದಿಲ್ಲ, ನೀವು ಓದಿದ್ದೇ ಅವನ ಮಾತು. ಎರಡನೆಯ ಆಟದ ನಾಯಕ ಹಾಕ್‌ನ ಮಾತುಗಳನ್ನು ನಟರು ಆಡಿದ್ದಾರೆ.

ನಾನು ಹೇಳಬೇಕೆಂದಿರುವುದರ ತಿರುಳು ಇದೇ. ಆಯ್ಕೆಗಳನ್ನು ಕುಗ್ಗಿಸಿದ್ದು ಕನ್ಸೋಲ್‌ಗಿಂತ ಹೆಚ್ಚಾಗಿ ನಾಯಕನಿಗೆ ಕೊಟ್ಟ ಧ್ವನಿ.

ಏಕೆ ಎಂದು ಬಿಡಿಸಿ ಹೇಳುತ್ತೇನೆ. ಒಂದು ವಾಕ್ಯವನ್ನು ನೀವು ಪೂರ್ತಿ ಓದಿ ಆರಿಸುತ್ತೀರಿ. ಮರುಕ್ಷಣ ಅದೇ ವಾಕ್ಯವನ್ನು ನಟನೊಬ್ಬ ನಿಧಾನವಾಗಿ ಒಪ್ಪಿಸಿದರೆ ಎರಡನೆಯ ಸಲ ಕೇಳಲು ಬೇಸರ. ನಿಮ್ಮ ತಲೆಯೊಳಗೆ ಅದನ್ನು ಒಂದು ರಾಗದಲ್ಲಿ ಆಡಿಕೊಂಡಿರುತ್ತೀರಿ, ನಟ ಇನ್ನೊಂದು ರಾಗದಲ್ಲಿ ಆಡಿದರೆ ಕಿರಿಕಿರಿ. ಆದ್ದರಿಂದ ಸಾರಾಂಶವನ್ನಷ್ಟೇ ತೋರಿಸಿ, ಮಾತನ್ನು ನಟನ ಬಾಯಿಂದಲೇ ಮೊದಲ ಬಾರಿಗೆ ಕೇಳಿಸೋಣ ಎಂದು ವಿನ್ಯಾಸಕಾರರು ಯೋಚಿಸಿದರು. 2007ರ ‘ಮಾಸ್ ಎಫೆಕ್ಟ್’ ಈ ಚಕ್ರವನ್ನು ಮನೆಮಾತಾಗಿಸಿತು. ಎದುರಿನವರ ಮಾತು ಮುಗಿಯುವ ಮೊದಲೇ ಆಯ್ಕೆಗಳು ಮೂಡುತ್ತಿದ್ದವು. ನೀವು ಮುಂಚೆಯೇ ಆರಿಸಿಟ್ಟರೆ ನಾಯಕ ಕಮಾಂಡರ್ ಶೆಪರ್ಡ್ ಒಂದು ಕ್ಷಣವೂ ತಡೆಯದೆ ಉತ್ತರಿಸುವುದರಿಂದ ಸಿನಿಮಾದಲ್ಲಿ ಇಬ್ಬರು ಮಾತನಾಡಿದ ಹಾಗೆ ದೃಶ್ಯ ಹರಿಯುತ್ತಿತ್ತು. ಹಿಂದಿನ ಆಟಗಳಲ್ಲಿ ಪ್ರತಿ ಮಾತಿಗೂ ಎದುರಿನ ಪಾತ್ರ ನಿಮ್ಮನ್ನೇ ದಿಟ್ಟಿಸುತ್ತಾ ಕಲ್ಲಾಗಿ ನಿಲ್ಲುತ್ತಿದ್ದದ್ದು ನಿಮಗೆ ನೆನಪಿರಬಹುದು. ಆ ಮೌನವನ್ನು ಮುರಿಯಬೇಕೆಂಬ ಆಸೆ ತಪ್ಪಲ್ಲ. ಅದನ್ನು ಮೊದಲ ಸಲ ಆಡಿದಾಗ ನನಗೂ ಮೈ ಜುಮ್ಮೆಂದಿತ್ತು.

ದನಿ ಬಂದ ಮೇಲೆ ಖರ್ಚೂ ಬಂತು. ಒಂದು ಸಣ್ಣ ಲೆಕ್ಕ ಹಾಕಿ. ಒಂದು ತಿರುವಿನಲ್ಲಿ ನಾಯಕನಿಗೆ ಆರು ಮಾತುಗಳನ್ನು ಕೊಡಬೇಕು. ನಾಯಕ ಗಂಡಾಗಿರಬಹುದು, ಹೆಣ್ಣಾಗಿರಬಹುದು, ಹನ್ನೆರಡು ಧ್ವನಿಮುದ್ರಣಗಳಾದವು. ಆಟ ಐದು ಭಾಷೆಗಳ ಧ್ವನಿಯಲ್ಲಿ ಬರುವುದಾದರೆ ಅರವತ್ತು. ಇಷ್ಟರಲ್ಲಿ ನಿಮ್ಮ ಮನೆಯ ಟಿವಿಯಲ್ಲಿ ಕೇಳಿಸುವುದು ಒಂದೇ ಒಂದು. ಬರಹವಾಗಿ ಮಾತ್ರ ಇರುವ ಸಾಲನ್ನು ನಾನು ಒಂದು ಮಧ್ಯಾಹ್ನದಲ್ಲಿ ಹತ್ತು ಬಾರಿ ತಿದ್ದಬಲ್ಲೆ. ಧ್ವನಿಯಾಗಿರುವ ಸಾಲನ್ನು ತಿದ್ದಲು ನಟರನ್ನು ಮತ್ತೆ ಸ್ಟುಡಿಯೋಗೆ ಕರೆಯಬೇಕು. ಬೆಥೆಸ್ಡಾ ಸಂಸ್ಥೆಯ 2015ರ ‘ಫಾಲೌಟ್ 4’ಕ್ಕಾಗಿ ಇಬ್ಬರು ಮುಖ್ಯ ನಟರು, ಗಂಡು ದನಿ ಒಬ್ಬರು ಹೆಣ್ಣು ದನಿ ಒಬ್ಬರು, ತಲಾ ಸುಮಾರು 13,000 ಸಾಲುಗಳನ್ನು ಆಡಿದರು, ಇಡೀ ಆಟದಲ್ಲಿ ಇದ್ದದ್ದು ಸುಮಾರು 1,11,000 ಸಾಲುಗಳು. ಅಷ್ಟೊಂದು ಮಾತುಗಳಿದ್ದೂ ಜನರಿಗೆ ‘ಮಾತೇ ಇಲ್ಲ’ ಎನ್ನಿಸಿತು. ಈ ವಿರೋಧಾಭಾಸ ನನ್ನನ್ನು ಬಹಳ ಕಾಡಿದೆ.

ಆ ಆಟದಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ನೀವು ವಿವರಿಸಿರುವ ವಿನ್ಯಾಸ ಅದೇ ಕುಲದ್ದು. ನಾಲ್ಕು ಬಟನ್‌ಗಳಿಗೆ ನಾಲ್ಕು ಭಾವಗಳನ್ನು ಹಂಚಲಾಗಿತ್ತು. ಕೆಳಗಿನ ಬಟನ್ ಒಪ್ಪಿಗೆ, ಬಲಗಡೆಯದು ನಿರಾಕರಣೆ, ಎಡಗಡೆಯದು ತಟಸ್ಥ ಅಥವಾ ವ್ಯಂಗ್ಯ, ಮೇಲಿನದು ಪ್ರಶ್ನೆ. ಪ್ರತಿ ತಿರುವಿನಲ್ಲೂ ನಾಲ್ಕೂ ಸ್ಥಾನಗಳನ್ನು ತುಂಬಬೇಕು. ಬದುಕಿನ ಮಾತುಕತೆ ಹಾಗಿರುತ್ತದೆಯೇ? ಕೆಲವು ಮಾತಿಗೆ ಹೌದು ಅಲ್ಲ ಎಂಬ ಎರಡೇ ಉತ್ತರಗಳು, ಕೆಲವು ಮಾತಿಗೆ ಏಳು. ಎರಡೇ ಉತ್ತರಗಳಿರುವಲ್ಲಿ ಬರಹಗಾರ ಇನ್ನೆರಡನ್ನು ಜಗ್ಗಿ ತುಂಬಿಸಬೇಕು. ಏಳಿರುವಲ್ಲಿ ಮೂರನ್ನು ಬಿಸಾಡಬೇಕು. ‘ಹೌದು, ವ್ಯಂಗ್ಯವಾಗಿ ಹೌದು, ಆಮೇಲೆ ಹೌದು, ಇನ್ನಷ್ಟು ಹೇಳಿ’ ಎಂದು ಆಟಗಾರರು ಆ ಪಟ್ಟಿಯನ್ನು ಅಣಕಿಸಿದ್ದು ಇದಕ್ಕೇ. ಆಟದೊಳಗಿನ ಊರಾದ ಡೈಮಂಡ್ ಸಿಟಿಯ ಬಾಗಿಲಲ್ಲಿ ಪತ್ರಕರ್ತೆ ಪೈಪರ್ ಸಿಕ್ಕಾಗ ಮೂಡುವ ‘ಹೇಟ್ ನ್ಯೂಸ್‌ಪೇಪರ್ಸ್’ ಎಂಬ ಆಯ್ಕೆ ಬಹುಕಾಲ ಜನರ ಬಾಯಲ್ಲಿ ಉಳಿಯಿತು. ಪತ್ರಿಕೆಗಳ ಮೇಲೆ ದ್ವೇಷ ಎಂಬುದು ಒಬ್ಬ ಮನುಷ್ಯ ಇನ್ನೊಬ್ಬರಿಗೆ ಹೇಳುವ ಮಾತಲ್ಲ, ಕಡತದ ಮೇಲೆ ಅಂಟಿಸುವ ಚೀಟಿ. ನಿರ್ದೇಶಕ ಟಾಡ್ ಹೊವಾರ್ಡ್ ಬಿಡುಗಡೆಯ ಮರುವರ್ಷವೇ, ಸಂಭಾಷಣೆಯ ಪದ್ಧತಿ ಅಂದುಕೊಂಡಷ್ಟು ಫಲಿಸಲಿಲ್ಲ ಎಂದು ಒಪ್ಪಿಕೊಂಡರು. ಅದೇ ಸಂಸ್ಥೆ 2020ರಲ್ಲಿ ‘ಫಾಲೌಟ್ 76’ಕ್ಕೆ ಸೇರಿಸಿದ ‘ವೇಸ್ಟ್‌ಲ್ಯಾಂಡರ್ಸ್’ ಭಾಗದಲ್ಲಿ ಪೂರ್ತಿ ವಾಕ್ಯಗಳ ಪಟ್ಟಿಗೆ ಮರಳಿತು. 2023ರ ‘ಸ್ಟಾರ್‌ಫೀಲ್ಡ್’ನಲ್ಲಿ ನಾಯಕ ಮತ್ತೆ ಮೌನಿಯಾದ. ಅಂದರೆ ನಿಮ್ಮಂಥವರ ದೂರು ಗಾಳಿಗೆ ಹೋಗಲಿಲ್ಲ.

ಹಾಗಾದರೆ ಕನ್ಸೋಲ್‌ಗೆ ಏನೂ ಪಾಲಿಲ್ಲವೇ? ಇದೆ, ಆದರೆ ನೀವು ಊಹಿಸಿದ ರೀತಿಯಲ್ಲಲ್ಲ. ಕಂಪ್ಯೂಟರಿನ ಮುಂದೆ ಕುಳಿತವರ ಕಣ್ಣಿಗೂ ತೆರೆಗೂ ಇರುವುದು ಕೈಯಳತೆಯ ದೂರ. ಸೋಫಾದಿಂದ ಟಿವಿಗೆ ಎಂಟು ಹತ್ತು ಅಡಿ. ಆ ದೂರದಿಂದ ಓದಬೇಕಾದರೆ ಅಕ್ಷರ ದೊಡ್ಡದಿರಬೇಕು. ಅಕ್ಷರ ದೊಡ್ಡದಾದರೆ ಸಾಲು ಚಿಕ್ಕದಾಗುತ್ತದೆ. 2005ರ ಕೊನೆಯಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಬಹುಪಾಲು ಮನೆಗಳಲ್ಲಿ ಹಳೆಯ ಡಬ್ಬಿ ಟಿವಿಗಳೇ ಇದ್ದವು. 2006ರ ‘ಡೆಡ್ ರೈಸಿಂಗ್’ ಆಟದ ಅಕ್ಷರಗಳು ಅಂಥ ಟಿವಿಗಳಲ್ಲಿ ಓದಲಾಗದಷ್ಟು ಸಣ್ಣವಾಗಿ ಕಂಡು ದೊಡ್ಡ ಗಲಾಟೆಯೇ ಆಗಿತ್ತು. ಆ ಪಾಠ ಕಲಿತವರು ಮುಂದಿನ ಹಲವು ವರ್ಷ ಅಕ್ಷರಗಳ ವಿಷಯದಲ್ಲಿ ಜಿಪುಣರಾದರು. ಟಿವಿಗಳು ಬದಲಾದವು, ಜಿಪುಣತನ ಉಳಿಯಿತು. ನಿಮ್ಮ ಬುದ್ಧಿಯ ಬಗ್ಗೆ ಯಾರೂ ಹಗುರವಾಗಿ ತೀರ್ಮಾನಿಸಿರಲಿಲ್ಲ, ನಿಮ್ಮ ಸೋಫಾದ ಬಗ್ಗೆ ಮಾತ್ರ ಲೆಕ್ಕ ಹಾಕಿದ್ದರು. ಜಾಹೀರಾತು ಬರೆಯುವವರು ‘ಎಲ್ಲರಿಗೂ ಸುಲಭ’ ಎಂದು ಹೊಗಳಿಕೊಂಡದ್ದು ಬೇರೆ ಮಾತು. ಅದು ಹಳೆಯ ಆಟಗಾರರ ಗಾಯಕ್ಕೆ ಉಪ್ಪು ಸವರಿತು.

ಚೀಟಿಗೂ ಮಾತಿಗೂ ತಾಳೆ ಏಕೆ ತಪ್ಪುತ್ತದೆ ಎಂಬುದು ಹೊರಗಿನವರಿಗೆ ಕಾಣದ ಕಥೆ. ಚೀಟಿಯನ್ನು ಬಹಳ ಸಲ ಮಾತು ಬರೆದವರೇ ಬರೆಯುವುದಿಲ್ಲ. ಬರೆದರೂ ಧ್ವನಿಮುದ್ರಣ ಮುಗಿದ ಮೇಲೆ, ಬಿಡುಗಡೆಯ ಧಾವಂತದಲ್ಲಿ ಬರೆಯುತ್ತಾರೆ. ಅದಕ್ಕೆ ಅಕ್ಷರಗಳ ಮಿತಿ ಇರುತ್ತದೆ. ಇಂಗ್ಲಿಷಿನಲ್ಲಿ ಹಿಡಿಸಿದ ಪದ ಜರ್ಮನ್ ಭಾಷೆಯಲ್ಲಿ ಪೆಟ್ಟಿಗೆಯಿಂದ ಹೊರಗೆ ಚಾಚುತ್ತದೆ. ಹಾಗಾಗಿ ಇಂಗ್ಲಿಷನ್ನೂ ಮೊದಲೇ ಮೊಟಕು ಮಾಡುತ್ತೇವೆ. ನಾನು ದುಡಿದ ಒಂದು ಯೋಜನೆಯಲ್ಲಿ ಕಥೆಯ ಒಂದು ಎಳೆ ಕೊನೆಯ ತಿಂಗಳಲ್ಲಿ ಬದಲಾಯಿತು. ನಟಿಯನ್ನು ಮತ್ತೆ ಕರೆಸಲು ಹಣವಿರಲಿಲ್ಲ. ಕೋಪದಲ್ಲಿ ಆಡಿದ್ದ ಹಳೆಯ ಮಾತನ್ನೇ ಉಳಿಸಿಕೊಂಡು, ಅದರ ಮೇಲಿನ ಚೀಟಿಯನ್ನು ‘ಸಂದೇಹ’ ಎಂದು ಬದಲಿಸಿದೆವು. ಬದಲಿಸಿದವನು ನಾನೇ. ಆ ದೃಶ್ಯದ ಬಗ್ಗೆ ಬಂದ ದೂರುಗಳನ್ನು ಓದುವಾಗ ಒಂದೊಂದೂ ನನಗೇ ಬರೆದ ಪತ್ರದ ಹಾಗಿತ್ತು.

ಇಂಥದ್ದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2011ರ ‘ಎಲ್.ಎ. ನೋಯರ್’ ಪತ್ತೇದಾರಿ ಆಟ. ರೋಲ್‌ಪ್ಲೇಯಿಂಗ್ ಅಲ್ಲದಿದ್ದರೂ ಈ ವಿಷಯಕ್ಕೆ ಅದಕ್ಕಿಂತ ಚೆನ್ನಾದ ಉದಾಹರಣೆ ಇಲ್ಲ. ಅದರಲ್ಲಿ ಸಾಕ್ಷಿಯನ್ನು ವಿಚಾರಿಸುವಾಗ ‘ಟ್ರೂತ್’, ‘ಡೌಟ್’, ‘ಲೈ’ ಎಂಬ ಮೂರು ಆಯ್ಕೆಗಳು. ಸಣ್ಣ ಅನುಮಾನ ತೋರಿಸೋಣ ಎಂದು ‘ಡೌಟ್’ ಒತ್ತಿದರೆ ನಾಯಕ ಕೋಲ್ ಫೆಲ್ಪ್ಸ್ ಸಾಕ್ಷಿಯ ಮೇಲೆ ಹರಿಹಾಯುತ್ತಿದ್ದ. ಕಾರಣವೇನೆಂದರೆ ತಯಾರಿಕೆಯ ಹಂತದಲ್ಲಿ ಆ ಆಯ್ಕೆಯ ಹೆಸರು ‘ಫೋರ್ಸ್’, ಅಂದರೆ ಒತ್ತಡ ಹಾಕು ಎಂದಿತ್ತು. ನಟ ಆಡಿದ್ದು ಒತ್ತಡ, ಚೀಟಿ ಹೇಳಿದ್ದು ಅನುಮಾನ. 2017ರಲ್ಲಿ ಆಟವನ್ನು ಮತ್ತೆ ಹೊರತಂದಾಗ ಹೆಸರುಗಳನ್ನು ‘ಗುಡ್ ಕಾಪ್’, ‘ಬ್ಯಾಡ್ ಕಾಪ್’, ‘ಅಕ್ಯೂಸ್’, ಅಂದರೆ ಮೆದು ಪೊಲೀಸ್, ಒರಟು ಪೊಲೀಸ್, ಆರೋಪ ಹೊರಿಸು ಎಂದು ಬದಲಿಸಿದರು. ಮಾತುಗಳು ಅವೇ. ಮೂರು ಚೀಟಿಗಳು ಬದಲಾದದ್ದಕ್ಕೇ ಆ ಮನುಷ್ಯನ ನಡೆ ಅರ್ಥವಾಗತೊಡಗಿತು.

ಇಲ್ಲಿ ನಮ್ಮಂಥವರಿಗೆ ಒಂದು ಹೆಚ್ಚಿನ ಕಷ್ಟವಿದೆ, ಅದನ್ನು ಯಾರೂ ಹೇಳುವುದಿಲ್ಲ. ನೀವೂ ನಾನೂ ಈ ಆಟಗಳನ್ನು ಆಡುವುದು ಇಂಗ್ಲಿಷಿನಲ್ಲಿ, ಅಂದರೆ ಕಲಿತ ಭಾಷೆಯಲ್ಲಿ. ಪೂರ್ತಿ ವಾಕ್ಯವಿದ್ದರೆ ಗೊತ್ತಿಲ್ಲದ ಒಂದು ಪದವನ್ನು ಅಕ್ಕಪಕ್ಕದ ಪದಗಳು ಬಿಡಿಸಿಕೊಡುತ್ತವೆ. ಒಂಟಿ ಪದಕ್ಕೆ ಆ ನೆರವಿಲ್ಲ. 2013ರ ‘ದಿ ವುಲ್ಫ್ ಅಮಂಗ್ ಅಸ್’ ಆಟದಲ್ಲಿ ಹೆಂಡದಂಗಡಿಯೊಳಗೆ ‘ಗ್ಲಾಸ್ ಹಿಮ್’ ಎಂಬ ಆಯ್ಕೆ ಬರುತ್ತದೆ. ಅವನಿಗೂ ಒಂದು ಗ್ಲಾಸ್ ಕೊಡಿಸು ಎಂದು ತಿಳಿದವರು ಎಷ್ಟೋ ಮಂದಿ. ಒತ್ತಿದರೆ ನಾಯಕ ಗ್ಲಾಸಿನಿಂದ ಅವನಿಗೆ ಬಾರಿಸುತ್ತಾನೆ. ಅದು ಬ್ರಿಟಿಷರ ಆಡುಮಾತು. ಅಲ್ಲಿ ಇಂಗ್ಲಿಷ್ ಮನೆಮಾತಾಗಿರುವವರೇ ಎಡವಿದ್ದಾರೆ, ನಮ್ಮ ಪಾಡೇನು?

ಕನ್ನಡದಲ್ಲಿ ಯೋಚಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಚೀಟಿಯ ಮೇಲೆ ‘ನೋಡೋಣ’ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಸಾಲ ಕೇಳಲು ಬಂದವರಿಗೆ ‘ನೋಡೋಣ’ ಎಂದರೆ ಇಲ್ಲ ಎಂದರ್ಥ. ಮಗು ಆಟಿಕೆ ಕೇಳಿದಾಗ ‘ನೋಡೋಣ’ ಎಂದರೆ ಅರ್ಧ ಒಪ್ಪಿಗೆ. ಜಗಳದಲ್ಲಿ ಎದ್ದು ನಿಂತು ‘ನೋಡೋಣ’ ಎಂದರೆ ಸವಾಲು. ‘ಆಯಿತು’ ಎಂಬುದೂ ಹಾಗೆಯೇ. ಇನ್ನು ಪೂರ್ತಿ ವಾಕ್ಯದಲ್ಲಿ ‘ನೀನು’ ಎಂದಿದೆಯೋ ‘ನೀವು’ ಎಂದಿದೆಯೋ ಎಂಬುದೊಂದರಿಂದಲೇ ಇಬ್ಬರ ನಡುವಿನ ಸಂಬಂಧ ತಿಳಿದುಬಿಡುತ್ತದೆ. ಚೀಟಿಯಲ್ಲಿ ಅದಕ್ಕೂ ಜಾಗವಿಲ್ಲ. ನೀವು ಓದಿದ ‘ಈಗ ಬೇಡ’ ಎಂಬುದರೊಳಗೆ ಸಾಂತ್ವನವೂ ಇತ್ತು, ಉಪೇಕ್ಷೆಯೂ ಇತ್ತು. ನೀವು ಒಂದನ್ನು ಓದಿದಿರಿ, ಆಟ ಇನ್ನೊಂದನ್ನು ಆಡಿತು. ಓದಿದ್ದು ನಿಮ್ಮ ತಪ್ಪಲ್ಲ.

ಇದಕ್ಕೆ ಪರಿಹಾರಗಳಿಲ್ಲವೇ ಎಂದರೆ, ಹತ್ತು ಹದಿನೈದು ವರ್ಷಗಳ ಹಿಂದೆಯೇ ಇದ್ದವು. ‘ಡ್ರ್ಯಾಗನ್ ಏಜ್ 2’ ಆಯ್ಕೆಯ ಪಕ್ಕದಲ್ಲಿ ಒಂದು ಚಿಹ್ನೆ ಇಟ್ಟಿತು: ಪ್ರೇಮಕ್ಕೆ ಹೃದಯ, ತಮಾಷೆಗೆ ಮುಖವಾಡ, ಒರಟುತನಕ್ಕೆ ಮುಷ್ಟಿ. ಮಾತು ಕಾಣದಿದ್ದರೂ ಅದರ ಧಾಟಿ ಕಾಣುತ್ತದೆ. 2011ರ ‘ಡೇಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚಿಕ್ಕ ಪದದ ಮೇಲೆ ಗುರುತು ತಂದು ನಿಲ್ಲಿಸಿದರೆ ನಾಯಕ ಆಡಲಿರುವ ಮಾತು ತೆರೆಯ ಮೇಲೆ ಮೂಡುತ್ತಿತ್ತು. ದನಿಯೂ ಉಳಿಯಿತು, ನಂಬಿಕೆಯೂ ಉಳಿಯಿತು. ಎಲ್ಲರೂ ಇದನ್ನೇಕೆ ಅನುಸರಿಸಲಿಲ್ಲ ಎಂಬುದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ಇಂಥ ಕಡೆಗಳಲ್ಲಿ ನಾವು ಈಗ ಒಂದು ಪರೀಕ್ಷೆ ಮಾಡುತ್ತೇವೆ. ಆಟ ಗೊತ್ತಿಲ್ಲದವರಿಗೆ ಚೀಟಿಯನ್ನು ಮಾತ್ರ ತೋರಿಸಿ, ಈ ಪಾತ್ರ ಏನು ಹೇಳಬಹುದು ಎಂದು ಜೋರಾಗಿ ಆಡಲು ಹೇಳುತ್ತೇವೆ. ಆಮೇಲೆ ಮುದ್ರಿಸಿದ ಮಾತನ್ನು ಕೇಳಿಸುತ್ತೇವೆ. ಅವರ ಹುಬ್ಬು ಮೇಲೇರಿದರೆ ಚೀಟಿಯನ್ನು ಹರಿದು ಹೊಸದು ಬರೆಯುತ್ತೇವೆ. ಖರ್ಚು ಏನೂ ಇಲ್ಲ, ಒಂದು ದಿನದ ಕೆಲಸ.

ಈಗ ನಿಮ್ಮ ಸಹೋದ್ಯೋಗಿಯ ಮಾತು. ಏನು ಆರಿಸಿದರೂ ಕಥೆ ಒಂದೇ ದಾರಿ ಹಿಡಿಯುತ್ತದೆ ಎಂಬುದು ಅರ್ಧ ನಿಜ. ಪ್ರತಿ ಆಯ್ಕೆಗೂ ಕಥೆ ಕವಲೊಡೆದರೆ ಹತ್ತು ತಿರುವುಗಳಲ್ಲಿ, ತಿರುವಿಗೆ ಎರಡೇ ದಾರಿ ಎಂದರೂ, 1,024 ಕಥೆಗಳಾಗುತ್ತವೆ. ಅಷ್ಟನ್ನು ಬರೆಯಲು ಯಾರಿಂದಲೂ ಆಗದು. ಆದ್ದರಿಂದ ಕವಲುಗಳು ಸ್ವಲ್ಪ ದೂರ ಹೋಗಿ ಮತ್ತೆ ಕೂಡಿಕೊಳ್ಳುತ್ತವೆ. ಪೂರ್ತಿ ವಾಕ್ಯಗಳ ಹಳೆಯ ಆಟಗಳೂ ಇದನ್ನೇ ಮಾಡುತ್ತಿದ್ದವು. ಆರು ಆಯ್ಕೆಗಳಲ್ಲಿ ಮೂರಕ್ಕೆ ಎದುರಿನವರು ಒಂದೇ ಉತ್ತರ ಕೊಡುತ್ತಿದ್ದದ್ದು ನಾವು ಗಮನಿಸುತ್ತಿರಲಿಲ್ಲ, ಅಷ್ಟೇ. ಆದರೂ ಆಗ ಮೋಸ ಅನ್ನಿಸುತ್ತಿರಲಿಲ್ಲ. ಏಕೆ? ನೀವು ಮಲೆನಾಡಿನವರು, ತಾಳಮದ್ದಳೆ ಕೇಳಿರುತ್ತೀರಿ. ಕರ್ಣನ ಪ್ರಸಂಗದಲ್ಲಿ ಕರ್ಣ ಸಾಯುತ್ತಾನೆ ಎಂಬುದು ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು. ಅರ್ಥಧಾರಿ ಅದನ್ನು ಬದಲಿಸಲಾರ. ಆದರೂ ಬೆಳಗಿನವರೆಗೆ ಕುಳಿತು ಕೇಳುತ್ತೇವೆ, ಏಕೆಂದರೆ ಈ ಅರ್ಥಧಾರಿಯ ಕರ್ಣ ಯಾವ ಮಾತನ್ನು ಆಡಿ ಸಾಯುತ್ತಾನೆ ಎಂಬುದು ಅವನ ಕೈಯಲ್ಲಿದೆ. ಒಳ್ಳೆಯ ರೋಲ್‌ಪ್ಲೇಯಿಂಗ್ ಆಟ ನಿಮಗೆ ಕೊಡಬೇಕಾದದ್ದು ಆ ಹಕ್ಕು. ಪ್ರಸಂಗ ಅವರದೇ ಇರಲಿ, ಅರ್ಥ ನಿಮ್ಮದಾಗಿರಬೇಕು. ನಿಮ್ಮ ಬಾಯಿಗೆ ಬೇರೊಬ್ಬರು ಅರ್ಥ ತುರುಕಿದರೆ, ಕೊನೆಯಲ್ಲಿ ಹತ್ತು ಬಗೆಯ ಮುಕ್ತಾಯಗಳಿದ್ದರೂ ಏನು ಫಲ?

ಹೀಗೆಂದು ದನಿಯಿರುವ ನಾಯಕರೆಲ್ಲ ಕೆಟ್ಟವರಲ್ಲ. 2015ರ ‘ದಿ ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ಕೂಡ ಚೀಟಿಯ ಮೇಲೆಯೇ ಮಾತನಾಡುತ್ತಾನೆ, ಆದರೂ ಅಷ್ಟು ಬೇಸರವಾಗುವುದಿಲ್ಲ. ಅವನು ನೀವು ಮಾಡಿದ ಮನುಷ್ಯನಲ್ಲ. ಕಾದಂಬರಿಗಳಿಂದ ತನ್ನ ಗುಣಸ್ವಭಾವಗಳೊಂದಿಗೆ ಬಂದವನು. ಅವನು ಗೊಣಗಿದರೆ ಅದು ಗೆರಾಲ್ಟ್‌ನ ಗೊಣಗಾಟ. ತೊಂದರೆ ಆಗುವುದು ಮುಖ, ಹೆಸರು, ಕೂದಲಿನ ಬಣ್ಣದವರೆಗೆ ಎಲ್ಲವನ್ನೂ ನೀವೇ ರೂಪಿಸಿಕೊಳ್ಳಿ, ಇದು ನೀವೇ ಎಂದು ಹೇಳಿ, ಬಾಯಿ ತೆರೆದಾಗ ಬೇರೆ ಯಾರೋ ಮಾತನಾಡುವ ಆಟಗಳಲ್ಲಿ.

ಇನ್ನು ನೀವು ಏನು ಮಾಡಬಹುದು. ಗೇಮಿಂಗ್ ಕಂಪ್ಯೂಟರನ್ನು ಈ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಅದೇ ಆಟ ಕಂಪ್ಯೂಟರಿನಲ್ಲೂ ಅವೇ ನಾಲ್ಕು ಚೀಟಿಗಳನ್ನು ತೋರಿಸುತ್ತದೆ. ಅಲ್ಲಿ ಸಿಗುವ ಹೆಚ್ಚಿನ ಅನುಕೂಲವೆಂದರೆ ಆಟವನ್ನು ಮಾರ್ಪಡಿಸಲು ಆಟಗಾರರೇ ತಯಾರಿಸಿ ಹಂಚುವ ‘ಮಾಡ್’ಗಳು. ‘ಫಾಲೌಟ್ 4’ ಬಂದ ಸ್ವಲ್ಪ ಸಮಯದಲ್ಲೇ ‘ಫುಲ್ ಡೈಲಾಗ್ ಇಂಟರ್‌ಫೇಸ್’ ಎಂಬ ಮಾಡ್ ಬಂತು. ಅದು ಚೀಟಿಯ ಬದಲು ಪೂರ್ತಿ ವಾಕ್ಯವನ್ನು ತೋರಿಸುತ್ತದೆ. ಸೊಗಸಾದ ಕೆಲಸ. ಆದರೆ ಎಚ್ಚರ ಬೇಕು. ಅದು ಇರುವ ಮಾತನ್ನು ತೋರಿಸುತ್ತದೆಯೇ ಹೊರತು ಇಲ್ಲದ ಮಾತನ್ನು ಹುಟ್ಟಿಸುವುದಿಲ್ಲ. ತಯಾರಕರು ಆಟವನ್ನು ನವೀಕರಿಸಿದಾಗ ಮಾಡ್‌ಗಳು ಕೈಕೊಡುವುದುಂಟು. ಅರ್ಧ ಆಟದಲ್ಲಿ ಒಂದು ಮಾಡ್ ಅನ್ನು ತೆಗೆದರೆ ಉಳಿಸಿಟ್ಟ ಆಟವೇ ಹಾಳಾಗಬಹುದು. ಕನ್ಸೋಲ್‌ಗಳಲ್ಲೂ ಆ ಆಟಕ್ಕೆ 2016ರಿಂದ ಮಾಡ್‌ಗಳಿವೆ, ಆದರೆ ಪ್ಲೇಸ್ಟೇಷನ್‌ನಲ್ಲಿ ಹೊರಗಿನ ಕಡತಗಳನ್ನು ಸೇರಿಸಲು ಅನುಮತಿ ಇಲ್ಲದ್ದರಿಂದ ಅಲ್ಲಿ ಅವುಗಳ ವ್ಯಾಪ್ತಿ ಬಹಳ ಕಿರಿದು. ಜೊತೆಗೆ ಮಾಡ್ ಹಾಕಿಕೊಂಡು ಆಡಿದರೆ ಸಾಧನೆಯ ಪದಕಗಳು ದಾಖಲಾಗುವುದಿಲ್ಲ. ಅದು ನಿಮಗೆ ಮುಖ್ಯವೋ ಅಲ್ಲವೋ ನೀವೇ ನೋಡಿಕೊಳ್ಳಿ.

ಖರ್ಚಿಲ್ಲದ ದಾರಿ ಎಂದರೆ ಮಹತ್ವದ ಮಾತುಕತೆಗೆ ಮೊದಲು ಆಟವನ್ನು ಬೇರೆ ಜಾಗದಲ್ಲಿ ಸೇವ್ ಮಾಡಿಟ್ಟುಕೊಳ್ಳುವುದು. ನಾನೂ ಮಾಡುತ್ತೇನೆ. ಅಪಾಯ ಅಭ್ಯಾಸದಲ್ಲಿದೆ. ಪ್ರತಿ ಮಾತಿಗೂ ಹಿಂದೆ ಹೋಗಿ ತಿದ್ದತೊಡಗಿದರೆ ಯಾವ ಮಾತಿಗೂ ತೂಕ ಉಳಿಯುವುದಿಲ್ಲ. ಆಟ ಲೆಕ್ಕಪತ್ರ ತಪಾಸಣೆಯಾಗಿಬಿಡುತ್ತದೆ, ಅದನ್ನು ನೀವು ಹಗಲೆಲ್ಲ ಬ್ಯಾಂಕಿನಲ್ಲಿ ನೋಡಿಯೇ ಇರುತ್ತೀರಿ. ನಾನು ಪಾಲಿಸುವ ನಿಯಮವೆಂದರೆ, ಫಲಿತಾಂಶ ಹಿಡಿಸಲಿಲ್ಲವೆಂದು ಹಿಂದೆ ಹೋಗುವುದಿಲ್ಲ. ನಾನು ಹೇಳಲು ಬಯಸಿದ ಮಾತನ್ನು ಪಾತ್ರ ಆಡದಿದ್ದರೆ ಮಾತ್ರ ಹೋಗುತ್ತೇನೆ.

ನನ್ನನ್ನು ಕೇಳಿದರೆ ಆ ಹಣದ ಸಣ್ಣ ಪಾಲಿನಲ್ಲಿ ನಿಮ್ಮ ಕನ್ಸೋಲ್‌ಗೇ ಬೇರೆ ಆಟಗಳನ್ನು ಕೊಳ್ಳಿ. 2023ರ ‘ಬಾಲ್ಡರ್ಸ್ ಗೇಟ್ 3’ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಎರಡಕ್ಕೂ ಇದೆ. ಸಿನಿಮಾದಂಥ ದೃಶ್ಯಗಳು, ನುರಿತ ನಟರು, ಆದರೂ ನಿಮ್ಮ ಆಯ್ಕೆಗಳು ಪೂರ್ತಿ ವಾಕ್ಯಗಳು. ನಿಮ್ಮ ನಾಯಕ ಆ ವಾಕ್ಯಗಳನ್ನು ಬಾಯಿಬಿಟ್ಟು ಆಡುವುದಿಲ್ಲ. ಕಂಟ್ರೋಲರಿನಲ್ಲಿ ಪಟ್ಟಿ ಸಾಧ್ಯವಿಲ್ಲ ಎಂಬ ಮಾತಿಗೆ ಅದೇ ಉತ್ತರ. ಬಹಳ ಉದ್ದದ ಆಟ, ಹಿಂಸೆ ಮತ್ತು ಲೈಂಗಿಕ ದೃಶ್ಯಗಳಿವೆ. ಹಾಲ್‌ನಲ್ಲಿ ಮಕ್ಕಳಿರುವ ಹೊತ್ತಿಗೆ ಅಲ್ಲ. ‘ಡಿಸ್ಕೋ ಎಲಿಸಿಯಂ’ 2019ರದು, 2021ರಿಂದ ಕನ್ಸೋಲ್‌ಗಳಲ್ಲೂ ಇದೆ. ಕತ್ತಿ ಬಂದೂಕಿನ ಕಾಳಗದ ಬದಲು ಪೂರ್ತಿ ಮಾತೇ. ಆದರೆ ಅದರ ಇಂಗ್ಲಿಷ್ ಕಠಿಣ, ದಣಿದ ರಾತ್ರಿಗೆ ಹೇಳಿದ್ದಲ್ಲ. 2010ರ ‘ಫಾಲೌಟ್: ನ್ಯೂ ವೇಗಸ್’ ಹಳೆಯದಾದರೂ ನನ್ನ ಮನಸ್ಸಿಗೆ ಹತ್ತಿರ. ನಿಮ್ಮ ಪಾತ್ರಕ್ಕೆ ಒಂದು ವಿದ್ಯೆ ಸಾಕಷ್ಟು ಇಲ್ಲದಿದ್ದರೆ, ಆ ಕೊರತೆಯಿಂದ ಅವನು ಆಡುವ ಪೆದ್ದು ಮಾತನ್ನೂ ಮುಂಚೆಯೇ ತೋರಿಸುತ್ತದೆ. ಬೇಕಿದ್ದರೆ ಆಡಿ ಎನ್ನುತ್ತದೆ. ಅಷ್ಟು ಪ್ರಾಮಾಣಿಕ ಸಂಭಾಷಣೆ ಅಪರೂಪ. ಯಾವುದನ್ನು ಕೊಳ್ಳುವ ಮೊದಲೂ ಅದರ ಒಂದು ಮಾತುಕತೆಯ ವಿಡಿಯೋವನ್ನು ಐದು ನಿಮಿಷ ನೋಡಿ. ಆಯ್ಕೆಯನ್ನು ಓದಿ ವಿಡಿಯೋ ನಿಲ್ಲಿಸಿ, ಪಾತ್ರ ಏನು ಹೇಳಬಹುದು ಎಂದು ಊಹಿಸಿ, ಮುಂದುವರಿಸಿ. ಮೂರರಲ್ಲಿ ಎರಡು ಸಲ ಊಹೆ ತಪ್ಪಿದರೆ ಆ ಆಟ ನಿಮಗಲ್ಲ.

ತಯಾರಕರಿಗೆ ಬರೆಯುವುದಾದರೆ ‘ಆಟವನ್ನು ಹಾಳು ಮಾಡಿದ್ದೀರಿ’ ಎಂದು ಬರೆಯಬೇಡಿ. ಅಂಥದ್ದು ದಿನಕ್ಕೆ ನೂರು ಬರುತ್ತವೆ, ಅದರಿಂದ ತಿದ್ದಲು ಏನೂ ಸಿಗುವುದಿಲ್ಲ. ಯಾವ ದೃಶ್ಯ, ಯಾವ ಆಯ್ಕೆ, ನೀವು ನಿರೀಕ್ಷಿಸಿದ ಮಾತು ಯಾವುದು, ಕೇಳಿದ ಮಾತು ಯಾವುದು, ಈ ನಾಲ್ಕನ್ನು ಬರೆಯಿರಿ. ನನಗೆ ಕಳುಹಿಸಿದ ಪತ್ರದಲ್ಲಿ ನೀವು ಅದನ್ನೇ ಮಾಡಿದ್ದೀರಿ. ಚೀಟಿಯ ಪದ ಬದಲಿಸಲು ನಟರೂ ಬೇಡ, ಸ್ಟುಡಿಯೋವೂ ಬೇಡ. ಮುಂದಿನ ನವೀಕರಣದಲ್ಲಿ ಒಂದು ಸಾಲು ತಿದ್ದಿದರೆ ಸಾಕು.

ಕೊನೆಯದಾಗಿ ಬಿಟ್ಟು ಹೋದ ಆ ಜೊತೆಗಾರ. ಆಟದ ಹೆಸರನ್ನು ನೀವು ಬರೆದಿಲ್ಲ, ಆದ್ದರಿಂದ ಖಚಿತವಾಗಿ ಹೇಳಲಾರೆ. ಆದರೆ ಇಂಥ ಬಹುಪಾಲು ಆಟಗಳು ತಾವಾಗಿಯೇ ಹಲವು ಸೇವ್‌ಗಳನ್ನು ಇಟ್ಟುಕೊಂಡಿರುತ್ತವೆ. ಮತ್ತೆ ಆಡುವ ಮೊದಲು, ಹೊಸದಾಗಿ ಸೇವ್ ಆಗಲು ಬಿಡದೆ, ‘ಲೋಡ್’ ಪಟ್ಟಿಯನ್ನು ತೆರೆದು ದಿನಾಂಕ ಮತ್ತು ಗಂಟೆ ನೋಡುತ್ತಾ ಕೆಳಗೆ ಇಳಿಯಿರಿ. ಅಂದಿನಿಂದ ನೀವು ಆಟವನ್ನು ಮುಟ್ಟದೇ ಇರುವುದು ಈ ವಿಷಯದಲ್ಲಿ ಒಳ್ಳೆಯದೇ ಆಯಿತು. ಆ ರಾತ್ರಿಗಿಂತ ಹಿಂದಿನ ಸೇವ್ ಸಿಕ್ಕರೆ, ಈ ಸಲ ಶತ್ರುಗಳನ್ನು ಮೊದಲು ಮುಗಿಸಿ ಅವನ ಬಳಿಗೆ ಹೋಗಿ, ಅವನ ತಮ್ಮನ ಕಥೆಯನ್ನು ಕೇಳಿ.